ಮಂಜುಗಡ್ಡೆ ಒಡೆಯುವುದು ಒಂದೇ ದಿನದಲ್ಲಲ್ಲ

ನಮ್ಮಲ್ಲಿ ಹೆಚ್ಚಿನವರು ಮಂಜುಗಡ್ಡೆಯನ್ನು ಕಂಡಿರುವುದು ಫ್ರಿಜ್ಜಿನೊಳಗೆ, ಮೀನು ಮಾರುಕಟ್ಟೆಯ ಪೆಟ್ಟಿಗೆಗಳಲ್ಲಿ ಅಥವಾ ಬೇಸಿಗೆಯ ಕಬ್ಬಿನ ಹಾಲಿನ ಲೋಟದಲ್ಲಿ. ಅಲ್ಲಿ ಅದು ಕರಗುವ ಬಗೆ ನಮಗೆಲ್ಲ ಗೊತ್ತು. ಅಂಚಿನಿಂದ ನಡುವಿಗೆ, ಹನಿಹನಿಯಾಗಿ, ಸವೆಯುತ್ತಾ ಸವೆಯುತ್ತಾ ಕೊನೆಗೆ ಇಲ್ಲವಾಗುತ್ತದೆ. ಆದರೆ ಒಂದು ಇಡೀ ಸರೋವರವೇ ಹೆಪ್ಪುಗಟ್ಟಿ, ವಸಂತದಲ್ಲಿ ಮತ್ತೆ ನೀರಾಗುವ ಕಥೆ ಬೇರೆ. ಅಲ್ಲಿ ಮಂಜುಗಡ್ಡೆ ತೆಳ್ಳಗಾಗುವ ಮೊದಲೇ ದುರ್ಬಲವಾಗುತ್ತದೆ. ಕರಗಿ ಮುಗಿಯುವ ಮೊದಲೇ ಒಳಗೊಳಗೆ ಬಿಚ್ಚಿಕೊಳ್ಳುತ್ತದೆ. ಒಂದು ಇಡೀ ತಪಸ್ಸುಕಾಲವನ್ನು ಅಂತಹ ಸರೋವರದ ದಂಡೆಯಲ್ಲಿ ಕಳೆಯುವ ಅವಕಾಶ ನನಗೆ ದೊರೆಯಿತು. ಅಲ್ಲಿ ಕಂಡದ್ದು ನನ್ನ ಮನೆಯದೇ ಒಂದು ಹಳೆಯ ಸಂಗತಿಯನ್ನು ಬೇರೆ ಬೆಳಕಿನಲ್ಲಿ ತೋರಿಸಿತು. ಆದ್ದರಿಂದ ಎರಡನ್ನೂ ನಿಮ್ಮೊಡನೆ ಹಂಚಿಕೊಳ್ಳುತ್ತಿದ್ದೇನೆ.

2014ರ ಜನವರಿಯಲ್ಲಿ ಮಗಳ ಬಾಣಂತನಕ್ಕೆಂದು ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಮ್ಯಾಡಿಸನ್ ನಗರಕ್ಕೆ ಹೋದೆ. ಅವಳ ಮನೆಯಿಂದ ಹತ್ತು ನಿಮಿಷ ನಡೆದರೆ ಮೆಂಡೋಟಾ ಸರೋವರ. ಸುಮಾರು 40 ಚದರ ಕಿಲೋಮೀಟರ್ ವಿಸ್ತಾರ. ಅತ್ಯಂತ ಆಳವಾದಲ್ಲಿ 25 ಮೀಟರ್ ನೀರು. ಅದರ ದಕ್ಷಿಣ ದಂಡೆಯಲ್ಲಿಯೇ ವಿಸ್ಕಾನ್ಸಿನ್ ವಿಶ್ವವಿದ್ಯಾಲಯವಿದೆ. ಎಡ್ವರ್ಡ್ ಬರ್ಜ್ ಎಂಬ ಪ್ರಾಧ್ಯಾಪಕರು ಅಮೆರಿಕದಲ್ಲಿ ಸರೋವರಗಳ ಅಧ್ಯಯನಕ್ಕೆ ಅಡಿಪಾಯ ಹಾಕಿದ್ದು ಈ ನೀರಿನ ದಂಡೆಯಲ್ಲಿಯೇ. ನಾನು ಕಂಡಾಗ ಅಲ್ಲಿ ನೀರೇ ಇರಲಿಲ್ಲ. ಕಣ್ಣು ಹಾಯುವವರೆಗೂ ಬಿಳಿಯ ಬಯಲು. ಮಕ್ಕಳು ಜಾರಾಟವಾಡುತ್ತಿದ್ದರು. ಅಲ್ಲಲ್ಲಿ ಪುಟ್ಟ ಡೇರೆಗಳನ್ನು ಹಾಕಿ, ಮಂಜುಗಡ್ಡೆಯಲ್ಲಿ ರಂಧ್ರ ಕೊರೆದು, ಜನ ತಾಳ್ಮೆಯಿಂದ ಮೀನಿಗೆ ಗಾಳ ಇಳಿಬಿಟ್ಟು ಕುಳಿತಿದ್ದರು.

ಮೀನು ಹೇಗೆ ಬದುಕಿರುತ್ತದೆ ಎಂದು ನೀವು ಕೇಳಬಹುದು. ಮೂವತ್ತು ವರ್ಷ ಪ್ರೌಢಶಾಲೆಯ ಮಕ್ಕಳಿಗೆ ಕಪ್ಪುಹಲಗೆಯ ಮೇಲೆ ನಾನು ಬರೆದು ತೋರಿಸಿದ ಪಾಠ ಅಲ್ಲಿ ಕಣ್ಣೆದುರಿಗೇ ಹರಡಿಕೊಂಡಿತ್ತು. ನೀರು ಅತ್ಯಂತ ಭಾರವಾಗಿರುವುದು 4 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ. ಅದಕ್ಕಿಂತ ತಣ್ಣಗಾದ ನೀರು ಹಗುರವಾಗಿ ಮೇಲೆ ಉಳಿಯುತ್ತದೆ. ಹೆಪ್ಪುಗಟ್ಟಿದಾಗ ಇನ್ನಷ್ಟು ಹಗುರವಾಗಿ ತೇಲುತ್ತದೆ. ಆದ್ದರಿಂದ ಸರೋವರ ಮೇಲಿನಿಂದ ಮುಚ್ಚಿಕೊಳ್ಳುತ್ತದೆಯೇ ಹೊರತು ತಳದಿಂದ ಗಟ್ಟಿಯಾಗುವುದಿಲ್ಲ. ಮಂಜುಗಡ್ಡೆಯೇ ಕಂಬಳಿಯಾಗಿ, ಅದರ ಕೆಳಗೆ ಜೀವಗಳು ಚಳಿಗಾಲವನ್ನು ಕಳೆಯುತ್ತವೆ. ಈ ಸಂಗತಿಯನ್ನು ನೆನಪಿನಲ್ಲಿಡಿ. ಹೆಪ್ಪುಗಟ್ಟಿದ ಸರೋವರ ಸತ್ತ ಸರೋವರವಲ್ಲ.

ಪಕ್ಕದ ಮನೆಯಲ್ಲಿ ಎಂಬತ್ತರ ಅಂಚಿನ ಹಿರಿಯರೊಬ್ಬರಿದ್ದರು. ಬಾಲ್ಯದಿಂದಲೂ ಆ ಮಂಜುಗಡ್ಡೆಯ ಮೇಲೆ ಮೀನು ಹಿಡಿದವರು. ಮಾರ್ಚ್ ಕೊನೆಯ ವಾರದಲ್ಲಿ ಒಂದು ಬೆಳಿಗ್ಗೆ ಅವರು ತಮ್ಮ ಡೇರೆ, ಗಾಳ, ಕೊರೆಯುವ ಸಲಕರಣೆಗಳನ್ನೆಲ್ಲ ಒರೆಸಿ ಕೊಟ್ಟಿಗೆಗೆ ಸೇರಿಸುತ್ತಿದ್ದರು. ಮಂಜುಗಡ್ಡೆ ಅಷ್ಟು ತೆಳ್ಳಗಾಯಿತೇ ಎಂದು ಕೇಳಿದೆ. “ಇಲ್ಲ, ಇನ್ನೂ ಒಂದಡಿಗಿಂತ ಹೆಚ್ಚೇ ಇದೆ. ಆದರೆ ಇನ್ನು ನಾನು ಅದರ ಮೇಲೆ ಕಾಲಿಡುವುದಿಲ್ಲ” ಎಂದರು. ಚಳಿಗಾಲದ ಆರಂಭದಲ್ಲಿ ನಾಲ್ಕು ಅಂಗುಲ, ಅಂದರೆ ಸುಮಾರು 10 ಸೆಂಟಿಮೀಟರ್ ದಪ್ಪದ ಹೊಸ, ತಿಳಿಯಾದ ಮಂಜುಗಡ್ಡೆ ಇದ್ದರೆ ಮನುಷ್ಯ ನಡೆಯಬಹುದೆಂಬುದು ಅಲ್ಲಿನವರ ಲೆಕ್ಕ. ಹಾಗಿದ್ದರೆ ಅದರ ಮೂರು ಪಟ್ಟು ದಪ್ಪವಿರುವಾಗ ಭಯವೇಕೆ? “ದಪ್ಪ ಬೇರೆ, ಬಲ ಬೇರೆ” ಎಂದು ಅವರು ನಕ್ಕರು. ಅಂದಿನಿಂದ ದಿನವೂ ಮಗು ಮಲಗಿದ ಹೊತ್ತಿನಲ್ಲಿ ದಂಡೆಗೆ ಹೋಗಿ ನೋಡುವುದು ನನ್ನ ರೂಢಿಯಾಯಿತು.

ಈಗ ಆ ಸರೋವರದಲ್ಲಿ ನಡೆದದ್ದನ್ನು ಕ್ರಮವಾಗಿ ಹೇಳುತ್ತೇನೆ.

ಮೊದಲು ಕರಗಬೇಕಾದದ್ದು ಮಂಜುಗಡ್ಡೆಯಲ್ಲ, ಅದರ ಮೇಲಿನ ಹಿಮ. ಹೊಸದಾಗಿ ಬಿದ್ದ ಹಿಮ ತನ್ನ ಮೇಲೆ ಬಿದ್ದ ಬಿಸಿಲಿನ ಹತ್ತು ಪಾಲಿನಲ್ಲಿ ಎಂಟರಿಂದ ಒಂಬತ್ತು ಪಾಲನ್ನು ಹಾಗೆಯೇ ಹಿಂದಿರುಗಿಸಿಬಿಡುತ್ತದೆ. ಆ ಬಿಳುಪು ಇರುವವರೆಗೆ ಸೂರ್ಯ ಎಷ್ಟು ಪ್ರಕಾಶಿಸಿದರೂ ಒಳಗೆ ಕತ್ತಲೆಯೇ. ಹಗಲು ಉದ್ದವಾಗುತ್ತಾ ಬಂದಂತೆ ಹಿಮ ಕರಗಿ, ಮಂಜುಗಡ್ಡೆ ಬರಿದಾಗಿ, ಬಿಳಿಯ ಬಯಲು ಬೂದು ಬಣ್ಣಕ್ಕೂ ಆಮೇಲೆ ಕಪ್ಪಿಗೂ ತಿರುಗುತ್ತದೆ. ನೋಡುವವರಿಗೆ ಅದು ಕುರೂಪವೆನಿಸುತ್ತದೆ. ಆದರೆ ಬೆಳಕು ಒಳಗೆ ಇಳಿಯಲು ಆರಂಭಿಸುವುದು ಆಗಲೇ.

ಹಾಗೆ ಇಳಿದ ಬೆಳಕು ಕೂಡಲೇ ಏನನ್ನೂ ಮಾಡಿದಂತೆ ಕಾಣುವುದಿಲ್ಲ. ಗುಪ್ತೋಷ್ಣ ಎಂಬ ಪಾಠವನ್ನು ನೀವು ಶಾಲೆಯಲ್ಲಿ ಓದಿರಬಹುದು. 0 ಡಿಗ್ರಿಯ ಒಂದು ಕಿಲೋ ಮಂಜುಗಡ್ಡೆಯನ್ನು 0 ಡಿಗ್ರಿಯ ನೀರನ್ನಾಗಿ ಮಾಡಲು ಬೇಕಾಗುವ ಶಾಖದಿಂದ, ಅಷ್ಟೇ ತೂಕದ ನೀರನ್ನು 0 ಡಿಗ್ರಿಯಿಂದ ಸುಮಾರು 80 ಡಿಗ್ರಿಯವರೆಗೆ ಕಾಯಿಸಬಹುದು. ಇಷ್ಟೊಂದು ಶಾಖ ಒಳಗೆ ಹೋದರೂ ಉಷ್ಣಮಾಪಕದ ಪಾದರಸ ಒಂದು ಗೆರೆಯಷ್ಟೂ ಏರುವುದಿಲ್ಲ. ಶಾಖ ವ್ಯರ್ಥವಾಯಿತೇ? ಇಲ್ಲ. ಹರಳನ್ನು ಹರಳಿಗೆ ಕಟ್ಟಿಹಾಕಿದ ಬಿಗಿತವನ್ನು ಸಡಿಲಿಸುವುದಕ್ಕೆ ಅದೆಲ್ಲವೂ ಖರ್ಚಾಗುತ್ತಿರುತ್ತದೆ. ಗುಪ್ತ ಎಂಬ ಹೆಸರು ಅದಕ್ಕೆ ತಕ್ಕುದಾಗಿಯೇ ಇದೆ.

ಆ ಕೆಲಸ ನಡೆಯುವ ಸ್ಥಳವೂ ವಿಶೇಷವಾದದ್ದು. ಸರೋವರದ ಮಂಜುಗಡ್ಡೆ ಗಾಜಿನ ಹಲಗೆಯಂತೆ ಏಕಾಕಾರವಾಗಿರುವುದಿಲ್ಲ. ಮೇಲಿನಿಂದ ಕೆಳಕ್ಕೆ ಬೆಳೆದ ಹರಳುಗಳು ಒತ್ತೊತ್ತಾಗಿ ನಿಲ್ಲಿಸಿದ ಕಂಬಗಳಂತಿರುತ್ತವೆ. ನೀರು ಹೆಪ್ಪುಗಟ್ಟುವಾಗ ತನ್ನಲ್ಲಿರುವ ಲವಣ, ಕಶ್ಮಲಗಳನ್ನು ಹೊರಕ್ಕೆ ತಳ್ಳುತ್ತದೆ; ಅವು ಕಂಬ ಕಂಬಗಳ ನಡುವಿನ ಸಂದಿಯಲ್ಲಿ ಸೇರಿಕೊಳ್ಳುತ್ತವೆ. ಉಪ್ಪು ಬೆರೆತಲ್ಲಿ ಮಂಜುಗಡ್ಡೆ ಬೇಗ ಕರಗುವುದರಿಂದ, ಬಿಸಿಲು ತಾಗಿದಾಗ ಮೊದಲು ಸಡಿಲವಾಗುವುದು ಆ ಸಂದಿಗಳೇ. ಗೋಡೆಯ ಇಟ್ಟಿಗೆಗಳೆಲ್ಲ ಹಾಗೆಯೇ ಇದ್ದು, ನಡುವಿನ ಗಾರೆ ಮಾತ್ರ ತೊಳೆದುಹೋದರೆ ಹೇಗಿರುತ್ತದೆಯೋ ಹಾಗೆ. ದಪ್ಪ ಅಳೆದರೆ ಒಂದಡಿ ಇರುತ್ತದೆ. ಆದರೆ ಅದು ಈಗ ಒಂದು ಹಲಗೆಯಲ್ಲ, ಒತ್ತಿ ನಿಂತ ಸಾವಿರಾರು ಕಡ್ಡಿಗಳು. ಅಲ್ಲಿನವರು ಇದನ್ನು ಮೇಣದ ಬತ್ತಿಯ ಮಂಜುಗಡ್ಡೆ ಎಂದು ಕರೆಯುತ್ತಾರೆ. ದಂಡೆಯಲ್ಲಿ ಅದರ ತುಂಡೊಂದನ್ನು ಕೋಲಿನಿಂದ ತಟ್ಟಿದಾಗ ಉದ್ದುದ್ದ ಕಡ್ಡಿಗಳಾಗಿ ಉದುರಿತು. ಬಳೆಗಾರನ ಮಲಾರವನ್ನು ಅಲುಗಿಸಿದಂತಹ ಸದ್ದು.

ಇನ್ನೊಂದು ಕಡೆಯಿಂದ ದಂಡೆಯೂ ತನ್ನ ಕೆಲಸ ಮಾಡುತ್ತದೆ. ಕಪ್ಪು ಮಣ್ಣು, ಕಲ್ಲು, ಆಳವಿಲ್ಲದ ನೀರು ಬೇಗ ಬೆಚ್ಚಗಾಗುವುದರಿಂದ ಮೊದಲು ನೀರು ಕಾಣಿಸಿಕೊಳ್ಳುವುದು ಅಂಚಿನಲ್ಲಿಯೇ. ಸುತ್ತಲೂ ಕಂದಕ ತೋಡಿದಂತೆ ನೀರಿನ ಪಟ್ಟಿ ಮೂಡುತ್ತದೆ. ಹಾಗಾದಾಗ ನಡುವಿನ ಮಂಜುಗಡ್ಡೆಗೆ ನೆಲದ ಆಸರೆ ತಪ್ಪಿ, ಅದು ಬರೀ ತೇಲುತ್ತಿರುತ್ತದೆ. ಆಮೇಲೆ ಒಂದು ಗಾಳಿ ಬೀಸಬೇಕು, ಅಷ್ಟೇ. ಇಡೀ ಬಯಲು ಮೆಲ್ಲನೆ ಸರಿದು, ಎದುರು ದಂಡೆಗೆ ತಾಗಿ, ಪುಡಿಪುಡಿಯಾಗಿ ರಾಶಿ ಬೀಳುತ್ತದೆ. ಬೆಳಿಗ್ಗೆ ಮಂಜುಗಡ್ಡೆ ಇದ್ದಲ್ಲಿ ಸಂಜೆಗೆ ಅಲೆಗಳು.

ಆ ವರ್ಷ ಬೂದಿ ಬುಧವಾರ ಮಾರ್ಚ್ 5ಕ್ಕೆ ಬಂದಿತ್ತು. ಅಂದು ಹಣೆಗೆ ಬೂದಿ ಧರಿಸಿ ಹಿಂದಿರುಗುವಾಗ ಮೆಂಡೋಟಾ ಕಲ್ಲಿನಷ್ಟು ಗಟ್ಟಿಯಾಗಿತ್ತು. ಏಪ್ರಿಲ್ 13ರ ಗರಿಗಳ ಭಾನುವಾರದ ಹಿಂದಿನ ದಿನಗಳಲ್ಲಿ ಅದು ತೆರೆದುಕೊಂಡಿತು. ತಪಸ್ಸುಕಾಲವನ್ನು ಇಂಗ್ಲಿಷಿನಲ್ಲಿ ಲೆಂಟ್ ಎನ್ನುತ್ತಾರಷ್ಟೇ. ಹಳೆಯ ಇಂಗ್ಲಿಷಿನಲ್ಲಿ ಆ ಪದಕ್ಕೆ ವಸಂತ ಎಂದೇ ಅರ್ಥ. ಹಗಲು ಉದ್ದವಾಗುವ ಕಾಲ ಎಂಬುದು ಅದರ ಮೂಲ ಭಾವ. ಚಳಿಯ ನಾಡಿನ ಜನ ಆ ಹೆಸರನ್ನು ಯಾಕೆ ಇಟ್ಟುಕೊಂಡರೆಂಬುದು ಆ ದಂಡೆಯಲ್ಲಿ ನಿಂತಾಗ ನನಗೆ ಅರ್ಥವಾಯಿತು.

ಓದುಗರೇ, ಇಲ್ಲಿಯವರೆಗೆ ನೀರಿನ ಕಥೆ ಹೇಳಿದೆ. ಈಗ ನಮ್ಮ ಮನೆಯ ಕಥೆ.

ನಮ್ಮದು ಮಲೆನಾಡಿನ ಕೂಡುಕುಟುಂಬ. 1991ರಲ್ಲಿ ತೋಟದ ಪಾಲಿನ ವಿಷಯದಲ್ಲಿ ನನ್ನ ಗಂಡನಿಗೂ ಅವರ ಅಣ್ಣನಿಗೂ ಮಾತು ನಿಂತುಹೋಯಿತು. ಎರಡು ಮನೆಗಳ ನಡುವೆ ಇದ್ದದ್ದು ಒಂದು ಅಡಿಕೆ ತೋಟದ ಅಂತರ ಮಾತ್ರ. ಭಾನುವಾರದ ಬಲಿಪೂಜೆಗೆ ಒಂದೇ ದೇವಾಲಯಕ್ಕೆ ಹೋಗುತ್ತಿದ್ದೆವು. ಭಾವನವರು ಬಲಗಡೆಯ ಬಾಗಿಲಿನಿಂದ, ನಾವು ಎಡಗಡೆಯ ಬಾಗಿಲಿನಿಂದ. ನಮ್ಮೊಡನಿದ್ದ ಅತ್ತೆ ಈ ಬಗ್ಗೆ ಯಾರೊಡನೆಯೂ ವಾದ ಮಾಡಲಿಲ್ಲ. ವರ್ಷಕ್ಕೆ ಮೂರು ಸಲ, ಪಾಸ್ಖ ಹಬ್ಬಕ್ಕೆ, ಸೆಪ್ಟೆಂಬರಿನ ತೆನೆಹಬ್ಬಕ್ಕೆ, ಕ್ರಿಸ್ಮಸ್ಸಿಗೆ, ಮನೆಯಲ್ಲಿ ಮಾಡಿದ್ದರಲ್ಲಿ ಒಂದು ಪಾಲನ್ನು ಸ್ಟೀಲಿನ ಡಬ್ಬಿಯಲ್ಲಿ ತುಂಬಿ, ಮಕ್ಕಳ ಕೈಯಲ್ಲಿ ಆ ಮನೆಗೆ ಕಳುಹಿಸುತ್ತಿದ್ದರು.

ಕೊಟ್ಟ ಪಾತ್ರೆಯನ್ನು ಬರಿದಾಗಿ ಹಿಂದಿರುಗಿಸಬಾರದೆಂಬ ನಮ್ಮ ಕಡೆಯ ಪದ್ಧತಿ ನಿಮಗೆ ತಿಳಿದದ್ದೇ. ಆ ಡಬ್ಬಿ ಬರಿದಾಗಿಯೇ ಬರುತ್ತಿತ್ತು. ನನ್ನ ಗಂಡ ಅದನ್ನು ನೋಡಿ, “ಇನ್ನು ಸಾಕು ಮಾಡಿ ಅಮ್ಮಾ” ಎನ್ನುವರು. ಅತ್ತೆ ಡಬ್ಬಿಯನ್ನು ಕೈಯಲ್ಲಿ ಹಿಡಿದು ತಿರುಗಿಸಿ ನೋಡಿ, “ತೊಳೆದು ಕಳಿಸಿದ್ದಾರಲ್ಲ ಮಗಾ, ಅಷ್ಟು ಸಾಕು” ಎನ್ನುವರು. ಐದನೆಯ ವರ್ಷದ ತೆನೆಹಬ್ಬದಲ್ಲಿ ಡಬ್ಬಿಯೊಳಗೆ ನಾಲ್ಕು ಏಲಕ್ಕಿ ಬಾಳೆಹಣ್ಣು ಬಂತು. ಕಳುಹಿಸಿದವರು ನನ್ನ ಓರಗಿತ್ತಿಯೋ, ಭಾವನವರೋ ಎಂದು ಯಾರೂ ಕೇಳಲಿಲ್ಲ. ಅತ್ತೆ ಆ ಹಣ್ಣನ್ನು ಎಲ್ಲರಿಗೂ ಹಂಚಿದರು. ನನ್ನ ಗಂಡನೂ ಒಂದನ್ನು ತಿಂದರು.

ಇದನ್ನು ಕಂಡ ಬಂಧುಗಳಿಗೆ ಅವಸರವಾಯಿತು. 1998ರಲ್ಲಿ ಒಂದು ಮದುವೆಮನೆಯಲ್ಲಿ ಹಿರಿಯರೆಲ್ಲ ಸೇರಿ ಅಣ್ಣತಮ್ಮಂದಿರನ್ನು ಎದುರುಬದುರು ಕೂರಿಸಿ, ಎಲ್ಲರ ಮುಂದೆ ಲೆಕ್ಕ ಹೇಳಿ ಕೈಕುಲುಕಬೇಕೆಂದು ಒತ್ತಾಯಿಸಿದರು. ಅವರ ಉದ್ದೇಶ ಒಳ್ಳೆಯದೇ. ಆದರೆ ಅರ್ಧ ಗಳಿಗೆಯಲ್ಲಿ ಏರಿದ ದನಿ ಅಂಗಳದವರೆಗೂ ಕೇಳಿಸಿತು. ಮತ್ತೆ ಎರಡು ವರ್ಷ ಡಬ್ಬಿ ಬರಿದಾಗಿ ಬಂತು. ಅತ್ತೆ ಮಾತ್ರ ಕಳುಹಿಸುವುದನ್ನು ಬಿಡಲಿಲ್ಲ.

2002ರ ಜುಲೈ ತಿಂಗಳಲ್ಲಿ ಒಂದು ರಾತ್ರಿ ಬೀಸಿದ ಮಳೆಗಾಳಿಗೆ ಹಲಸಿನ ಕೊಂಬೆ ಮುರಿದು ನಮ್ಮ ಮಾಡಿನ ಮೇಲೆ ಬಿತ್ತು. ಹೆಂಚು ಹಾರಿ ಅಡುಗೆಮನೆಯೆಲ್ಲ ನೀರು. ಬೆಳಕು ಹರಿಯುವ ಮೊದಲೇ ಯಾರೋ ಏಣಿ ಒರಗಿಸಿದ ಸದ್ದು. ಹೊರಗೆ ಬಂದು ನೋಡಿದರೆ ಭಾವನವರು, ಜೊತೆಗೆ ಇಬ್ಬರು ಆಳುಗಳು. “ಹೆಂಚು ಎಷ್ಟು ಬೇಕು ನೋಡೋ” ಎಂದು ತಮ್ಮನಿಗೆ ಹೇಳಿದರು. ಹನ್ನೊಂದು ವರ್ಷಗಳಲ್ಲಿ ಅದೇ ಮೊದಲ ಮಾತು. ಇಬ್ಬರೂ ಮಧ್ಯಾಹ್ನದವರೆಗೆ ಮಾಡಿನ ಮೇಲೆಯೇ ಇದ್ದರು. ಊರಿನವರು, “ಒಂದು ಗಾಳಿಗೆ ಹನ್ನೊಂದು ವರ್ಷದ ಜಗಳ ಹಾರಿಹೋಯಿತು” ಎಂದು ಆಶ್ಚರ್ಯಪಟ್ಟರು. ನಾವೂ ಅನೇಕ ವರ್ಷ ಹಾಗೆಯೇ ಹೇಳುತ್ತಿದ್ದೆವು.

ಮೆಂಡೋಟಾದ ದಂಡೆಯಲ್ಲಿ ಆ ಹಿರಿಯರನ್ನು, ಮಂಜುಗಡ್ಡೆ ಯಾವ ದಿನ ಹೋಗುತ್ತದೆ ಎಂದು ಕೇಳಿದ್ದೆ. “ಗಾಳಿ ಯಾವತ್ತು ಬರುತ್ತದೆಂದು ನಾನು ಹೇಳಲಾರೆ. ಬೆಳಕು ತನ್ನ ಕೆಲಸ ಮುಗಿಸಿದೆ ಎಂದು ಮಾತ್ರ ಹೇಳಬಲ್ಲೆ” ಎಂದರು. ಅಂದು ನನಗೆ ಅತ್ತೆಯವರ ಡಬ್ಬಿ ನೆನಪಾಯಿತು. ಜನವರಿಯಲ್ಲಿಯೂ ಆ ಸರೋವರದ ಮೇಲೆ ಬಿರುಗಾಳಿಗಳು ಬೀಸಿದ್ದವು. ಆಗ ಮಂಜುಗಡ್ಡೆ ಅಲುಗಿರಲಿಲ್ಲ. ನಮ್ಮ ಊರಿನಲ್ಲಿಯೂ ಆ ಹನ್ನೊಂದು ವರ್ಷಗಳಲ್ಲಿ ಎಷ್ಟೋ ಮಳೆಗಾಳಿಗಳು ಬಂದುಹೋಗಿದ್ದವು. ಏಣಿ ಹಿಡಿದು ಯಾರೂ ಬಂದಿರಲಿಲ್ಲ. ಮದುವೆಮನೆಯ ಆ ಪಂಚಾಯಿತಿಯೂ ನೆನಪಾಯಿತು. ಸಡಿಲವಾಗುತ್ತಿರುವ ಮಂಜುಗಡ್ಡೆ ನೀರೂ ಅಲ್ಲ, ನೆಲವೂ ಅಲ್ಲ. ಅದರ ಮೇಲೆ ಭಾರ ಹಾಕುವುದಕ್ಕಿಂತ ಅಪಾಯ ಬೇರಿಲ್ಲ. ದಪ್ಪ ನೋಡಿ ಹೆಜ್ಜೆಯಿಟ್ಟವರು ಮುಳುಗುವುದು ಆ ದಿನಗಳಲ್ಲಿಯೇ.

ಮಂಜುಗಡ್ಡೆ ಹೋದ ಮಾತ್ರಕ್ಕೆ ಸರೋವರದ ಕೆಲಸ ಮುಗಿಯುವುದಿಲ್ಲ. ಮುಚ್ಚಳದ ಕೆಳಗೆ ತಿಂಗಳುಗಟ್ಟಲೆ ಇದ್ದ ತಳದ ನೀರಿನಲ್ಲಿ ಆಮ್ಲಜನಕ ಕಡಿಮೆಯಾಗಿರುತ್ತದೆ. ಮೇಲಿನ ನೀರು ಬೆಚ್ಚಗಾಗಿ 4 ಡಿಗ್ರಿಗೆ ಬಂದಾಗ ಮೇಲಿನದಕ್ಕೂ ಕೆಳಗಿನದಕ್ಕೂ ಭಾರದಲ್ಲಿ ವ್ಯತ್ಯಾಸವೇ ಉಳಿಯುವುದಿಲ್ಲ. ಆಗ ಗಾಳಿಯ ಬಲಕ್ಕೆ ಇಡೀ ಸರೋವರ ಮಗುಚಿಕೊಳ್ಳುತ್ತದೆ. ತಳದ ಕೊಳೆತದ್ದು ಮೇಲೆ ಬರುತ್ತದೆ, ಮೇಲಿನ ಉಸಿರು ತಳಕ್ಕೆ ಇಳಿಯುತ್ತದೆ. ಮಾಡು ಸರಿಯಾದ ಮೇಲೆ ನಮ್ಮ ಮನೆಯಲ್ಲಿಯೂ ಹೀಗೆಯೇ ಆಯಿತು. ಮಾವನವರ ಸಾಲ ತೀರಿಸಿದವರು ಯಾರು, ನಾದಿನಿಯ ಮದುವೆಗೆ ಒಡವೆ ಮಾಡಿಸಿದವರು ಯಾರು ಎಂಬ ಹಳೆಯ ಲೆಕ್ಕಗಳೆಲ್ಲ ಒಂದೊಂದಾಗಿ ಮೇಲೆ ಬಂದವು. ಮತ್ತೆ ಕೆಟ್ಟಿತೆಂದು ನಾನು ಹೆದರಿದೆ. “ಬರಲಿ ಬಿಡು, ಒಳಗೇ ಇದ್ದರೆ ನಾರುತ್ತದೆ” ಎಂದರು ಅತ್ತೆ. ಒಂದು ಮಳೆಗಾಲ ಹಿಡಿಯಿತು. ಆಮೇಲೆ ತಿಳಿಯಾಯಿತು.

ಇಷ್ಟು ಹೇಳಿದ ಮೇಲೆ ಮಂಜುಗಡ್ಡೆಯನ್ನು ಬರೀ ವೈರದ ಸಂಕೇತವಾಗಿ ನಿಮ್ಮ ಮನಸ್ಸಿನಲ್ಲಿ ಉಳಿಸಿಬಿಟ್ಟರೆ ಅದಕ್ಕೆ ಅನ್ಯಾಯವಾದೀತು. ಮಂಜುಗಡ್ಡೆ ಜನರನ್ನು ಕೂಡಿಸಿದ್ದೂ ಉಂಟು. ಜರ್ಮನಿಯ ಹಾಗ್ನೌ ಮತ್ತು ಸ್ವಿಟ್ಜರ್ಲೆಂಡಿನ ಮ್ಯುನ್ಸ್ಟರ್ಲಿಂಗೆನ್ ಊರುಗಳ ನಡುವೆ ಕಾನ್ಸ್ಟನ್ಸ್ ಸರೋವರವಿದೆ. ಅದು ಪೂರ್ತಿ ಹೆಪ್ಪುಗಟ್ಟುವುದು ಬಲು ಅಪರೂಪ. ಹಾಗಾದಾಗ ಸಂತ ಯೊವಾನ್ನರ ಪ್ರತಿಮೆಯನ್ನು ಮೆರವಣಿಗೆಯಲ್ಲಿ ಮಂಜುಗಡ್ಡೆಯ ಮೇಲೆ ಈ ದಂಡೆಯಿಂದ ಆ ದಂಡೆಗೆ ಒಯ್ಯುವುದು ಅಲ್ಲಿನವರ ಸಂಪ್ರದಾಯ. ಕೊನೆಯ ಮೆರವಣಿಗೆ ನಡೆದದ್ದು 1963ರ ಫೆಬ್ರವರಿಯಲ್ಲಿ, ಹಾಗ್ನೌದಿಂದ ಮ್ಯುನ್ಸ್ಟರ್ಲಿಂಗೆನ್‌ಗೆ. ಅಂದಿನಿಂದ ಪ್ರತಿಮೆ ಸ್ವಿಟ್ಜರ್ಲೆಂಡಿನ ದಂಡೆಯಲ್ಲಿಯೇ, ಮತ್ತೊಂದು ಗಟ್ಟಿ ಚಳಿಗಾಲವನ್ನು ಕಾಯುತ್ತಿದೆ.

ಆ ಕಾಯುವಿಕೆ ಇನ್ನಷ್ಟು ದೀರ್ಘವಾಗಬಹುದು. ಮೆಂಡೋಟಾದಲ್ಲಿ ಮಂಜುಗಡ್ಡೆ ಬಂದ ದಿನ, ಹೋದ ದಿನಗಳ ದಾಖಲೆ 1850ರ ದಶಕದಿಂದಲೂ ಇದೆ. ಪಿಕ್ನಿಕ್ ಪಾಯಿಂಟ್ ಎಂಬ ಭೂಶಿರದಿಂದ ಎದುರಿನ ಮೇಪಲ್ ಬ್ಲಫ್‌ವರೆಗೆ ದೋಣಿ ಹೋಗಬಲ್ಲುದೇ ಎಂಬುದೇ ಅವರು ನೋಡುತ್ತಾ ಬಂದ ಗುರುತು. 1880–81ರ ಚಳಿಗಾಲದಲ್ಲಿ ಮಂಜುಗಡ್ಡೆ 161 ದಿನ ನಿಂತಿತ್ತು. 2001–02ರಲ್ಲಿ ಬರೀ 21 ದಿನ. ಎಲ್ಲ ವರ್ಷಗಳೂ ಹಾಗಲ್ಲವಾದರೂ ಒಟ್ಟು ಲೆಕ್ಕದಲ್ಲಿ ಮಂಜುಗಡ್ಡೆಯ ಕಾಲ ಕುಗ್ಗುತ್ತಾ ಬಂದಿದೆ. ಹತ್ತು ದೇಶಗಳ ಮಾಹಿತಿಯನ್ನು ಆಧರಿಸಿ 2020ರಲ್ಲಿ ಪ್ರಕಟವಾದ ಅಧ್ಯಯನವೊಂದು, ಚಳಿಗಾಲ ಬೆಚ್ಚಗಾದಂತೆ ಮಂಜುಗಡ್ಡೆ ಕುಸಿದು ಮುಳುಗಿ ಸಾಯುವವರು ಹೆಚ್ಚುತ್ತಾರೆಂದು ತೋರಿಸಿತು. ದೇವರು ಕಾಲಕ್ಕೆ ತಕ್ಕಂತೆ ಕೊಟ್ಟ ಬೆಳಕು ಬೇರೆ. ಮನುಷ್ಯ ತನ್ನ ಹೊಗೆಯಿಂದ ಹೆಚ್ಚಿಸಿಕೊಂಡ ಬಿಸಿ ಬೇರೆ. ಮೊದಲನೆಯದು ಹೊತ್ತು ನೋಡಿ ಬಿಡಿಸುತ್ತದೆ, ಎರಡನೆಯದು ಹೊತ್ತಲ್ಲದ ಹೊತ್ತಿನಲ್ಲಿ ಕೆಡಿಸುತ್ತದೆ.

ಓದುಗರೇ, ನಿಮ್ಮ ಮನೆಯ ಆಚೆಗೂ ಮಾತು ನಿಂತುಹೋದ ಒಂದು ಮನೆ ಇರಬಹುದು. ಅಣ್ಣನದೋ, ತಂಗಿಯದೋ, ಬೇರೆ ಊರಿನಲ್ಲಿರುವ ಮಗನದೋ. ಏನು ಮಾಡಿದರೂ ಏನೂ ಆಗುತ್ತಿಲ್ಲವೆಂದು ನೀವು ದಣಿದಿರಬಹುದು. ಪಾದರಸ ಏರದಿದ್ದರೂ ಒಳಗೆ ಇಳಿದ ಶಾಖ ಲೆಕ್ಕದಲ್ಲಿರುತ್ತದೆ ಎಂಬುದನ್ನು ಮರೆಯಬೇಡಿ. ಜನ ಸೇರಿಸಿ ಭಾರ ಹಾಕಲು ಹೋಗಬೇಡಿ. ಗಾಳಿಯ ದಿನ ಯಾವುದೆಂದು ಎಣಿಸುತ್ತಾ ಕೂರಬೇಡಿ. ಅದು ನಮ್ಮ ಕೈಯಲ್ಲಿಲ್ಲ. ಮುಂದಿನ ಹಬ್ಬಕ್ಕೆ ಮನೆಯಲ್ಲಿ ಮಾಡಿದ್ದರಲ್ಲಿ ಒಂದು ಪಾಲನ್ನು ತುಂಬಿ ಕಳುಹಿಸಿ. ಡಬ್ಬಿ ಬರಿದಾಗಿ ಬಂದರೆ, ಅದನ್ನು ತೊಳೆದು ಕಳುಹಿಸಿದ್ದಾರೆಯೇ ಎಂದು ಒಮ್ಮೆ ತಿರುಗಿಸಿ ನೋಡಿ. ಅದರ ಮುಂದಿನ ಹಬ್ಬಕ್ಕೆ ಮತ್ತೆ ತುಂಬಿರಿ.